ಪಿ.ಟಿ. ಪೀರಿಯಡ್‌ಗೆ ನಾನು ಬರೆದುಕೊಟ್ಟ ಚೀಟಿಗಳು

ನಮ್ಮ ಅಂಗಡಿಯ ಬಿಲ್ ಬುಕ್ಕಿನಲ್ಲಿ ಒಂದು ಹಾಳೆ ಗಿರಾಕಿಗೆ, ಒಂದು ಹಾಳೆ ನಮಗೆ. ನಡುವೆ ನೀಲಿ ಕಾರ್ಬನ್. ಮಾರ್ಚ್ ಬಂತೆಂದರೆ ಹಳೇ ಬುಕ್ಕುಗಳನ್ನು ತಿರುವಿ ಹಾಕುತ್ತಾ ಕೂರುತ್ತೇನೆ. ಯಾರದು ಎಷ್ಟು ಬಾಕಿ ಅಂತ ನೋಡೋಕೆ. ಎರಡು ವರ್ಷದ ಹಿಂದೆ ಹಾಗೆ ಕೂತಿದ್ದಾಗ ಬ್ಲೌಸು, ಫಾಲ್ಸು, ಪಿಕೊ ಬಿಲ್ಲುಗಳ ಮಧ್ಯೆ ಬೇರೆಯದೇ ಒಂದು ಹಾಳೆ ಸಿಕ್ಕಿತು.

"ಮಾನ್ಯರೇ, ನನ್ನ ಮಗಳಿಗೆ ಕಾಲು ನೋವು ಇರುವುದರಿಂದ ಈ ದಿನ ಪಿ.ಟಿ. ಪೀರಿಯಡ್‌ನಲ್ಲಿ ಕೂರಲು ಅನುಮತಿ ಕೊಡಬೇಕಾಗಿ ವಿನಂತಿ."

ಮೇಲೆ ಅಂಗಡಿ ಹೆಸರು, ಕೆಳಗೆ ನನ್ನ ಸಹಿ. ಬೆಳಗ್ಗೆ ವ್ಯಾನು ಹಾರನ್ ಹೊಡೆಯುತ್ತಿರುವಾಗ ಬೇರೆ ಕಾಗದ ಸಿಗದೆ ಬಿಲ್ ಬುಕ್ಕಿನಲ್ಲೇ ಗೀಚಿ ಹರಿದುಕೊಟ್ಟಿದ್ದೆ. ಕಾರ್ಬನ್ ಅದರ ಪಾಡಿಗೆ ಅದರ ಕೆಲಸ ಮಾಡಿತ್ತು. ಮುಂದೆ ತಿರುವಿದರೆ ಇನ್ನೊಂದು. ಎರಡು ವಾರ ಬಿಟ್ಟು ಮತ್ತೊಂದು. ಎಣಿಸಿದೆ, ಒಟ್ಟು 11. ಒಂದರಲ್ಲಿ ಮಾತ್ರ ತಲೆನೋವು. ಮಿಕ್ಕ ಹತ್ತರಲ್ಲೂ ಕಾಲು ನೋವೇ.

ಅವಳಿಗೆ ಆಗ 13 ವರ್ಷ, ಎಂಟನೇ ಕ್ಲಾಸು. ಈಗ ಹತ್ತನೇ ಕ್ಲಾಸಿಗೆ ಬಂದಿದ್ದಾಳೆ. ನಿನ್ನ ವಿಷಯ ಬರೆಯಲಾ ಅಂತ ಕೇಳಿದಾಗ ಎರಡು ಕಂಡೀಷನ್ ಹಾಕಿದಳು. ಹೆಸರು ಹಾಕೋಹಾಗಿಲ್ಲ. ಆಗ ಎಷ್ಟು ಕೆಜಿ ಇದ್ದೆ, ಈಗ ಎಷ್ಟು ಅಂತ ಎಲ್ಲೂ ಹೇಳೋಹಾಗಿಲ್ಲ. ಆದ್ದರಿಂದ ತೂಕದ ಲೆಕ್ಕ ಓದೋಣ ಅಂತ ಬಂದವರು ಇಲ್ಲಿಗೇ ನಿಲ್ಲಿಸಬಹುದು.

ನಾನು ತುಮಕೂರಿನಲ್ಲಿ 16 ವರ್ಷದಿಂದ ಲೇಡೀಸ್ ಟೈಲರಿಂಗ್ ಮಾಡುತ್ತಿದ್ದೇನೆ. ಒಂದು ಮಳಿಗೆ, ಮೂರು ಮೆಷಿನು, ಒಂದು ಓವರ್‌ಲಾಕು, ಕೈಕೆಳಗೆ ಇಬ್ಬರು ಹುಡುಗಿಯರು. ನಮ್ಮನೆಯವರು ಪೀಣ್ಯದ ಒಂದು ಫ್ಯಾಕ್ಟರಿಗೆ ದಿನಾ ರೈಲಲ್ಲಿ ಹೋಗಿ ಬರುತ್ತಾರೆ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಬರೋದು ರಾತ್ರಿ ಎಂಟೂವರೆಗೆ. ಮಗಳ ಮುಖ ನೋಡೋದೇ ಆ ಹೊತ್ತಲ್ಲಿ ಅಂತ ಕೈಯಲ್ಲಿ ಒಂದು ಬೇಕರಿ ಕವರ್ ಇದ್ದೇ ಇರುತ್ತಿತ್ತು. ನಾನೇನೂ ಕಮ್ಮಿಯಿರಲಿಲ್ಲ. ಸ್ಕೂಲಿಂದ ಬಂದವಳು ಸೀದಾ ಟ್ಯೂಷನ್‌ಗೆ ಹೋಗಬೇಕು, ನಾನು ಅಂಗಡಿ ಬಿಟ್ಟು ಬರೋಹಾಗಿಲ್ಲ. ಕೈಗೆ 20 ರೂಪಾಯಿ ಕೊಟ್ಟು "ಏನಾದ್ರೂ ತಿನ್ಕೋ ಪುಟ್ಟಿ" ಅನ್ನುತ್ತಿದ್ದೆ. ಆ ಏನಾದ್ರೂ ಅಂದರೆ ಪಫ್ಸು. ದಿನಾ.

ಬೆಳೆಯೋ ಮಕ್ಕಳ ಬಟ್ಟೆಗೆ ಸೈಡಿನಲ್ಲಿ ಎರಡು ಇಂಚು ಒಳಗೆ ಬಿಟ್ಟು ಹೊಲಿಯುತ್ತೇವೆ. ಅವಳ ಯೂನಿಫಾರ್ಮ್ ಜೂನಿನಲ್ಲಿ ಹೊಲಿದೆ. ಆಗಸ್ಟಿನಲ್ಲಿ ಒಂದು ಇಂಚು ಬಿಚ್ಚಿದೆ. ದಸರಾ ಹೊತ್ತಿಗೆ ಇನ್ನೊಂದು. ಜನವರಿಯಲ್ಲಿ ಬಿಚ್ಚೋಕೆ ಒಳಗೆ ಬಟ್ಟೆಯೇ ಇರಲಿಲ್ಲ, ಎರಡೂ ಕಡೆ ಪಟ್ಟಿ ಕೊಟ್ಟೆ. ಅವಳ ಹತ್ತಿರ ಒಂದು ಮಾತೂ ಆಡಲಿಲ್ಲ. ಅವಳು ಮಲಗಿದ ಮೇಲೆ ಬಿಚ್ಚಿ, ಹೊಲಿದು, ಇಸ್ತ್ರಿ ಹಾಕಿ, ಬೆಳಗ್ಗೆ ಹೊತ್ತಿಗೆ ಏನೂ ಆಗದ ಹಾಗೆ ಹ್ಯಾಂಗರಿಗೆ ನೇತು ಹಾಕುತ್ತಿದ್ದೆ. ಬೇಜಾರು ಮಾಡಿಕೊಳ್ಳದೇ ಇರಲಿ ಅಂತ. ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ. ನಾನು ಟೈಲರ್, ನನಗೆ ಹೊಳೀಬೇಕಿತ್ತು. ಎಷ್ಟೇ ಇಸ್ತ್ರಿ ಹಾಕಿದರೂ ಹಳೇ ಹೊಲಿಗೆಯ ಗೆರೆ ಹೋಗೋದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಶನಿವಾರ ಮಧ್ಯಾಹ್ನ ಅವಳು ಅಂಗಡಿಯಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಕಾಲೇಜು ಹುಡುಗಿಯರು ಅಳತೆ ಕೊಡಲು ಬರುವ ಹೊತ್ತು ಅದು. ಟೇಪು ಸುತ್ತುತ್ತಾ ನಾನು, "ನಿನ್ನಂಥ ಸೊಂಟ ಇದ್ರೆ ಹೊಲಿಯೋಕೂ ಖುಷಿ ಕಣಮ್ಮ" ಅನ್ನುತ್ತಿದ್ದೆ. ಗಿರಾಕಿಯನ್ನು ಮೆಚ್ಚಿಸೋಕೆ ಆಡುವ ಮಾತು, ಬಾಯಿ ತಾನಾಗೇ ಆಡುತ್ತೆ. ಅಂಥ ಮಾತು ಎಷ್ಟು ಸಲ ಅವಳ ಕಿವಿಗೆ ಬಿದ್ದಿದೆಯೋ. ನಾದಿನಿ ಹಬ್ಬಕ್ಕೆ ಬಂದಾಗ "ಈಗ್ಲೇ ಹಿಂಗಾದ್ರೆ ಮದ್ವೆ ಹೊತ್ತಿಗೆ ಹೆಂಗೆ ಅತ್ತಿಗೆ?" ಅಂದಾಗ ಮಾತ್ರ ನನಗೆ ಮೈಯೆಲ್ಲ ಉರಿದಿತ್ತು.

ಆ ದಸರಾದಲ್ಲೇ ಕುತ್ತಿಗೆ ವಿಷಯ ಬಂದಿದ್ದು. ಅವಳ ಕುತ್ತಿಗೆ ಹಿಂದೆ ಕಪ್ಪಗೆ, ಒಂಥರಾ ದಪ್ಪಗೆ, ಮಡಿಕೆ ಮಡಿಕೆಯಾಗಿತ್ತು. ಕಂಕುಳಲ್ಲೂ ಹಾಗೆಯೇ. ಸರಿಯಾಗಿ ಸ್ನಾನ ಮಾಡಲ್ಲ ಅಂತ ಅತ್ತೆಗೆ ಸಿಟ್ಟು. ನಾನು ಕಡ್ಲೆಹಿಟ್ಟು, ನಿಂಬೆಸಿಪ್ಪೆ, ಕೊನೆಗೆ ಹೀರೆಕಾಯಿ ನಾರು ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ.

ಮಕ್ಕಳ ಡಾಕ್ಟ್ರು ನೋಡಿದ ತಕ್ಷಣ ಹೇಳಿದರು, "ಇದು ಕೊಳೆ ಅಲ್ಲಮ್ಮ. ಇನ್ನು ಉಜ್ಜಬೇಡಿ." ಮೈಯಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತನ್ನು ಮೈ ಸರಿಯಾಗಿ ಕೇಳದೇ ಹೋದಾಗ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತೆ. ಅದು ಜಾಸ್ತಿಯಾದರೆ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತೆ. ಇದೇ ದಾರಿಯಲ್ಲಿ ಹೋದರೆ ಮುಂದೆ ಶುಗರ್. ಅವಳು ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಕೊಳೆ ಅಲ್ಲ ಅಂದ ಕೂಡಲೇ ನನ್ನ ಕಡೆ ಒಂದು ನೋಟ ನೋಡಿದಳು. ಅದನ್ನು ನಾನು ಮರೆಯೋಹಾಗಿಲ್ಲ.

ಥೈರಾಯ್ಡ್ ಇರಬೇಕು ಅಂತ ಊರೆಲ್ಲ ಹೇಳಿತ್ತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗೇ ಇತ್ತು. ಶುಗರ್ ಇನ್ನೂ ಗಡಿಯೊಳಗಿತ್ತು. ಡಾಕ್ಟ್ರು ಒಂದು ಚಾರ್ಟ್ ತೆಗೆದರು. ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ದೇಶದ ಮಕ್ಕಳಿಗೇ ಅಂತ ಮಾಡಿದ್ದು. ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋ ಲೆಕ್ಕ. ದೊಡ್ಡವರ ಹಾಗೆ ಮಕ್ಕಳಿಗೆ ಒಂದೇ ಬಿಎಂಐ ಗೆರೆ ಇಲ್ಲವಂತೆ. ವಯಸ್ಸಿಗೆ ತಕ್ಕ ಹಾಗೆ ಗೆರೆ ಮೇಲೇರುತ್ತಾ ಹೋಗಿ, ಕೊನೆಗೆ ದೊಡ್ಡವರ 23ಕ್ಕೆ ಒಂದು, 27ಕ್ಕೆ ಒಂದು ಬಂದು ಸೇರುತ್ತೆ. ಮೊದಲನೆಯದನ್ನು ದಾಟಿದರೆ ತೂಕ ಜಾಸ್ತಿ, ಎರಡನೆಯದನ್ನು ದಾಟಿದರೆ ಬೊಜ್ಜು. ಅವಳ ಚುಕ್ಕಿ ಎಲ್ಲಿತ್ತು ಅಂತ ಬರೆಯೋಹಾಗಿಲ್ಲ, ಕಂಡೀಷನ್ ಇದೆಯಲ್ಲ.

"ತೂಕ ಇಳಿಸು ಅಂತ ಹಿಂದೆ ಬೀಳಬೇಡಿ. ಇನ್ನೂ ಬೆಳೀತಿದಾಳೆ. ತೂಕ ಇಷ್ಟಕ್ಕೇ ನಿಂತು ಎತ್ತರ ಸ್ವಲ್ಪ ಬಂದ್ರೂ ಸಾಕು. ಉಪವಾಸ ಗಿಪವಾಸ ಬೇಡ. ದಿನಕ್ಕೆ ಒಂದು ಗಂಟೆ ಉಸಿರು ಜೋರಾಗೋಹಾಗೆ ಆಡ್ಲಿ" ಅಂದರು. ಈ 60 ನಿಮಿಷ ಅನ್ನೋದು ಅವರ ಸ್ವಂತದ್ದಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅಷ್ಟೇ. ಅದರ ಜೊತೆ ವಾರಕ್ಕೆ ಮೂರು ದಿನವಾದರೂ ಮೂಳೆ, ಮಾಂಸಖಂಡ ಗಟ್ಟಿಯಾಗೋ ಆಟ. ಮನೆಗೆ ಬಂದು ಅವಳ ದಿನದ ಲೆಕ್ಕ ಹಾಕಿದೆ. ವ್ಯಾನು, ಬೆಂಚು, ವ್ಯಾನು, ಟ್ಯೂಷನ್ನಿನ ಚಾಪೆ, ನನ್ನ ಸ್ಕೂಟರ್ರು, ಮಂಚ. ಎಲ್ಲ ಕೂಡಿದರೂ ಕಾಲು ನೆಲದ ಮೇಲೆ ನಡೆದಿದ್ದು ಹತ್ತು ನಿಮಿಷ ಆಗಲಿಲ್ಲ.

ಹೊರಡುವಾಗ ಡಾಕ್ಟ್ರು ನನ್ನ ಕೆಲಸ ಏನು ಅಂತ ಕೇಳಿ ನಕ್ಕರು. "ಹಂಗಾದ್ರೆ ನಿಮ್ಮ ಹತ್ರ ಟೇಪ್ ಇದೆ. ಸೊಂಟ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಬೇಕು. ಮನೇಲಿ ಎಲ್ರದ್ದೂ ನೋಡಿ." ಆದರೆ ಸಲ್ವಾರ್ ಕಟ್ಟೋ ಜಾಗದ ಅಳತೆ ನಡೆಯಲ್ಲವಂತೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ ಅಳೀಬೇಕು. ಹೊಟ್ಟೆ ಎಳಕೋಬಾರದು.

ಆ ರಾತ್ರಿ ಅಳೆದೆವು. ನನ್ನ ಎತ್ತರ 61 ಇಂಚು, ಅರ್ಧ ಅಂದರೆ ಮೂವತ್ತೂವರೆ. ಟೇಪು 36 ತೋರಿಸಿತು. ನಮ್ಮನೆಯವರು 66 ಇಂಚು ಎತ್ತರ. ಇರಬೇಕಾದ್ದು 33, ಇದ್ದಿದ್ದು 38. ಅತ್ತೆ ಟೇಪು ನೋಡಿದ್ದೇ ಸೆರಗು ಬಿಗಿ ಮಾಡಿಕೊಂಡು ದೇವರ ಮನೆಗೆ ಹೋದರು. ಸಾವಿರಾರು ಹೆಂಗಸರ ಸೊಂಟ ಅಳೆದಿದ್ದೇನೆ, ಎತ್ತರವನ್ನು ಪಕ್ಕದಲ್ಲಿಟ್ಟು ನೋಡಿದ್ದು ಅದೇ ಮೊದಲು. ಅಷ್ಟು ಹೊತ್ತೂ ಮೂಲೆಯಲ್ಲಿ ನಿಂತಿದ್ದ ಮಗಳು "ಅಪ್ಪಂದು ನಂಗಿಂತ ಮೋಸ" ಅಂದು ನಕ್ಕಳು. ಎಷ್ಟೋ ದಿನದ ಮೇಲೆ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ನಾನು ಮಾಡಿದ್ದು ಅವಳನ್ನು ಜಿಮ್‌ಗೆ ಸೇರಿಸಿದ್ದು. ಮೂರು ತಿಂಗಳಿಗೆ 4,500 ರೂಪಾಯಿ. ಮನೆಯಿಂದ ಅರ್ಧ ಕಿಲೋಮೀಟರ್ ಇಲ್ಲ. ದಿನಾ ಸ್ಕೂಟರಲ್ಲಿ ಬಿಟ್ಟು ಬರುತ್ತಿದ್ದೆ! ಟ್ರೆಡ್‌ಮಿಲ್ ಮೇಲೆ ನಡೆಯಲಿ ಅಂತ ಮಗಳನ್ನು ಗಾಡಿಯಲ್ಲಿ ಕರಕೊಂಡು ಹೋಗೋದು. ನಾಲ್ಕೂ ಗೋಡೆಗೆ ಕನ್ನಡಿ, ಸುತ್ತ ಡಿಗ್ರಿ ಹುಡುಗರು. ಒಂಬತ್ತು ದಿನ ಹೋದಳು. ಹತ್ತನೇ ದಿನ "ಅಮ್ಮಾ, ಕಾಲು ನೋವು" ಅಂದಳು. ದುಡ್ಡು ವಾಪಸ್ ಕೊಡಲಿಲ್ಲ. ಅದನ್ನು ಎರಡು ತಿಂಗಳು ಅವಳ ಮುಂದೆ ಆಡಿಕೊಂಡೆ.

ಹಾಗಾಗಿ ಮಾರ್ಚಿನಲ್ಲಿ ಆ 11 ಚೀಟಿ ಸಿಕ್ಕಾಗ ಮೊದಲು ಬಂದಿದ್ದು ಸಿಟ್ಟು. ಸೋಮಾರಿತನಕ್ಕೆ ನಾನೇ ಸಹಿ ಹಾಕಿಕೊಟ್ಟಿದ್ದೀನಲ್ಲ ಅಂತ. ರಾತ್ರಿ ಬುಕ್ಕು ತೆರೆದು ಅವಳ ಮುಂದಿಟ್ಟೆ. "ಏನೇ ಇದು? ನಿಜ ಹೇಳು, ಯಾವ ಕಾಲು ನೋವು?"

ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ನೈಟಿ ಮೊಣಕಾಲಿಗಿಂತ ಮೇಲೆ ಸರಿಸಿ ತೋರಿಸಿದಳು.

ಎರಡೂ ತೊಡೆಯ ಒಳಭಾಗ ಉಜ್ಜಿ ಉಜ್ಜಿ ಕಪ್ಪಾಗಿತ್ತು. ಒಂದು ಕಡೆ ಅಂಗೈ ಅಗಲ ಚರ್ಮ ಸುಲಿದು ಕೆಂಪಗಿತ್ತು. ಹಿಂದಿನ ದಿನ ಪಿ.ಟಿ. ಪೀರಿಯಡ್ ಇತ್ತು, ಚೀಟಿ ಕೇಳೋಕೆ ಮರೆತಿದ್ದಳಂತೆ. ಓಡಿದರೆ ಎರಡನೇ ರೌಂಡಿಗೇ ಉರಿ ಶುರು. ಬೆವರು ಬಿದ್ದರೆ ಮೆಣಸಿನಕಾಯಿ ಹಚ್ಚಿದ ಹಾಗೆ. ರಾತ್ರಿ ಬಾತ್‌ರೂಮಿನಲ್ಲಿ ಒಬ್ಬಳೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಅದು ಒಂದು. ಇನ್ನೊಂದು ಟಿ-ಷರ್ಟು. ಬಿಳಿ ಟಿ-ಷರ್ಟು ಬಿಗಿ, ಒಳಗೆ ಹಾಕಿದ್ದು ಅಳತೆಯಿಲ್ಲದ್ದು. ಓಡಿದರೆ ಎದೆ ಅಲ್ಲಾಡುತ್ತೆ, ನೋವಾಗುತ್ತೆ, ಕಟ್ಟೆ ಮೇಲೆ ಕೂತ ಹುಡುಗರು ಏನೋ ಅಂದು ನಗುತ್ತಾರೆ. "ಇದನ್ನೆಲ್ಲ ಚೀಟೀಲಿ ಹೆಂಗಮ್ಮಾ ಬರೆಸೋದು? ಅದಕ್ಕೇ ಕಾಲು ನೋವು ಅಂದೆ."

ನಾನು ಟೈಲರ್. ಊರ ಹೆಂಗಸರೆಲ್ಲ ಬಂದು ಇಲ್ಲಿ ಬಿಗಿ, ಇಲ್ಲಿ ಉಜ್ಜುತ್ತೆ ಅಂತ ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. ಮನೆಯಲ್ಲಿರೋಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವಳ ಟ್ರ್ಯಾಕ್ ಪ್ಯಾಂಟನ್ನು ತಿರುವಿ ಹಾಕಿ ಲೈಟಿನ ಕೆಳಗೆ ಹಿಡಿದೆ. ರೆಡಿಮೇಡ್ ಪಾಲಿಯೆಸ್ಟರ್. ಎರಡು ಕಾಲಿನ ಒಳಹೊಲಿಗೆ, ಮುಂದಿನದು, ಹಿಂದಿನದು, ನಾಲ್ಕೂ ತೊಡೆ ಸಂದಿಯಲ್ಲಿ ಬಂದು ಒಂದೇ ಕಡೆ ಗಂಟಾಗಿ ಕೂತಿದ್ದವು. ಮೇಲೆ ಒರಟು ದಾರದ ಓವರ್‌ಲಾಕ್. ಬೆರಳಾಡಿಸಿದರೆ ಗರಗಸದ ಹಾಗೆ. ತೆಳ್ಳಗಿರೋರಿಗೆ ಅದು ಗಾಳಿಯಲ್ಲಿ ತೂಗುತ್ತಿರುತ್ತೆ, ಗೊತ್ತೇ ಆಗೋದಿಲ್ಲ. ತೊಡೆ ತಾಗೋರಿಗೆ ಹೆಜ್ಜೆ ಹೆಜ್ಜೆಗೂ ಅದೇ ಹೊಲಿಗೆ ಉಜ್ಜುತ್ತೆ.

ಅವತ್ತು ರಾತ್ರಿ ಹನ್ನೊಂದಕ್ಕೆ ಅಂಗಡಿ ಷಟರ್ ಎತ್ತಿದೆ. ಹಿಗ್ಗೋ ಹೋಸಿಯರಿ ಬಟ್ಟೆ ಒಂದೂವರೆ ಮೀಟರ್ ಇತ್ತು, ಯಾರೋ ಲೆಗಿನ್ಸ್‌ಗೆ ಅಂತ ಕೊಟ್ಟು ಆರು ತಿಂಗಳಿಂದ ಬಂದಿರಲಿಲ್ಲ. (ಆಮೇಲೆ ಬಂದರು. ಬೇರೆ ಬಟ್ಟೆ ತಂದುಕೊಟ್ಟೆ.) ಒಳತೊಡೆಯಲ್ಲಿ ಹೊಲಿಗೆಯೇ ಬರಬಾರದು. ಅದಕ್ಕೆ ಎರಡು ಕಾಲಿನ ಮಧ್ಯೆ ಅಗಲಕ್ಕೆ ಒಂದು ತುಂಡು ಸೇರಿಸಿದೆ, ವಜ್ರದ ಆಕಾರದ್ದು. ಹೊಲಿಗೆ ಮುಂದಕ್ಕೊಂದು ಹಿಂದಕ್ಕೊಂದು ಸರಿದು ಹೋಯಿತು. ಉಜ್ಜೋ ಜಾಗದಲ್ಲಿ ಬರೀ ಬಟ್ಟೆ. ಸೂಜಿ ಬದಲಾಯಿಸಿ, ತುದಿ ಮೊಂಡು ಇರೋದನ್ನು ಹಾಕಿಕೊಂಡೆ, ಇಲ್ಲದಿದ್ದರೆ ಹೋಸಿಯರಿ ತೂತು ಬೀಳುತ್ತೆ. ಸೊಂಟಕ್ಕೆ ಅಗಲ ಎಲಾಸ್ಟಿಕ್. ಎರಡು ಕಡೆ ಜೇಬು, ಅವಳಿಗೆ ಜೇಬು ಬೇಕೇ ಬೇಕು. ಅವಳು ಎದುರಿಗೆ ಸ್ಟೂಲಿನ ಮೇಲೆ ಕೂತು ದಾರ ಕತ್ತರಿಸಿಕೊಡುತ್ತಿದ್ದಳು. ಒಂದೂವರೆಗೆ ಮುಗಿಯಿತು. ಹಾಕಿಕೊಂಡು ಮಳಿಗೆ ಮುಂದಿನ ಖಾಲಿ ರಸ್ತೆಯಲ್ಲಿ ಆ ಕಡೆಯ ಟ್ರಾನ್ಸ್‌ಫಾರ್ಮರ್‌ವರೆಗೂ ಓಡಿ ವಾಪಸ್ ಬಂದಳು. ಬೀದಿನಾಯಿ ಒಂದು ಹಿಂದೆ ಬಿತ್ತು, ಅದಕ್ಕೇ ಇನ್ನೂ ಜೋರಾಗಿ ಓಡಿದಳು.

ಒಳಗಿನದ್ದು ನಾನು ಹೊಲಿಯಲಿಲ್ಲ. ಓಡೋರಿಗೇ ಅಂತ ಬರುತ್ತಲ್ಲ, ಅದನ್ನು ಸರಿಯಾಗಿ ಅಳತೆ ತೆಗೆದು ಎರಡು ಜೊತೆ ಕೊಂಡೆವು. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಆಟ ಬಿಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಜನ ಈ 600, 700 ರೂಪಾಯಿ ಸಾಮಾನು ಇಲ್ಲದೇ ಬಿಟ್ಟಿದ್ದಾರೋ ಯಾರು ಲೆಕ್ಕ ಇಟ್ಟಿದ್ದಾರೆ?

ಏಪ್ರಿಲ್ ರಜದಲ್ಲಿ ಅಮಾನಿಕೆರೆಗೆ ಹೋಗೋಕೆ ಶುರು ಮಾಡಿದೆವು. ಕ್ಲಾಸಿನವರು ಯಾರೂ ಕಾಣಬಾರದು ಅಂತ ಅವಳು, ಅಂಗಡಿ ಹೊತ್ತಿಗೆ ಬರಬೇಕು ಅಂತ ನಾನು. ಐದೂ ಮುಕ್ಕಾಲಿಗೆ ಮನೆ ಬಿಡುತ್ತಿದ್ದೆವು. ಕೆರೆಯವರೆಗೂ ನಡೆದೇ ಹೋಗೋದು, ಸ್ಕೂಟರ್ ಕೀಲಿಯನ್ನು ಅವಳೇ ಎತ್ತಿಟ್ಟಿದ್ದಳು. ಮೊದಲ ವಾರ ಬರೀ ನಡಿಗೆ. ಎರಡನೇ ವಾರದಿಂದ ಒಂದು ಲೈಟ್ ಕಂಬದಿಂದ ಇನ್ನೊಂದು ಕಂಬಕ್ಕೆ ಓಟ, ಮುಂದಿನ ಎರಡು ಕಂಬ ನಡಿಗೆ. ನನಗೆ ಮೂರನೇ ಓಟಕ್ಕೇ ಪಕ್ಕೆ ಹಿಡಿಯುತ್ತಿತ್ತು. ಅವಳು ನಿಂತು ಕಾಯೋಳು. "ಬಾಯಲ್ಲಿ ಉಸಿರು ಬಿಡಮ್ಮಾ" ಅಂತ ನನಗೇ ಪಾಠ.

ಅಲ್ಲಿ ದಿನಾ ವಾಕ್ ಬರೋ ಒಬ್ಬರು ಹಿರಿಯರು, ಒಳ್ಳೆಯವರೇ ಇರಬೇಕು, ಎದುರಾದಾಗಲೆಲ್ಲ "ಏನ್ ಮಗಾ, ಎಷ್ಟ್ ಕೆಜಿ ಇಳೀತು?" ಅನ್ನೋರು. ಮೂರು ದಿನ ನಕ್ಕು ಸುಮ್ಮನಾದೆವು. ನಾಲ್ಕನೇ ದಿನ ಅವಳು ಬರಲ್ಲ ಅಂದಳು. ಅವತ್ತು ನಾನೊಬ್ಬಳೇ ಹೋಗಿ ಅವರನ್ನು ನಿಲ್ಲಿಸಿ ಹೇಳಿದೆ. "ಅಣ್ಣಾ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಅವಳನ್ನ ತೂಕ ಕೇಳ್ಬೇಡಿ. ಕೇಳ್ಲೇಬೇಕು ಅಂದ್ರೆ ಎಷ್ಟು ಕಂಬ ಓಡ್ದೆ ಅಂತ ಕೇಳಿ." ಪಾಪ, ಮುಖ ಸಣ್ಣಗಾಯಿತು. ಮಾರನೇ ದಿನದಿಂದ ಕಂಬದ ಲೆಕ್ಕವೇ ಕೇಳುತ್ತಿದ್ದರು. ಆಮೇಲಾಮೇಲೆ ಅವಳೇ ದೂರದಿಂದ ಬೆರಳಲ್ಲಿ ತೋರಿಸೋಳು, ಹನ್ನೆರಡು, ಹದಿನಾಲ್ಕು. ನಾದಿನಿಗೆ ಇದನ್ನು ಹೇಳೋಕೆ ಮಾತ್ರ ನನಗೆ ಯುಗಾದಿಯಿಂದ ದೀಪಾವಳಿವರೆಗೆ ಟೈಮ್ ಬೇಕಾಯಿತು.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದರಲ್ಲಿ ಹೇಳೋಕೆ ಜಾಸ್ತಿ ಇಲ್ಲ. ಅವಳಿಗೇ ಅಂತ ಬೇರೆ ತಟ್ಟೆ ಮಾಡಲಿಲ್ಲ. ಮನೆಗೆ ಬೇಕರಿ ಕವರ್ ಬರೋದು ನಿಂತಿತು. ನಮ್ಮನೆಯವರು ಈಗ ರೈಲಿನಲ್ಲಿ ಮಾರೋ ಸೀಬೆಹಣ್ಣು, ಸೌತೆಕಾಯಿ ತರುತ್ತಾರೆ. ಸಂಜೆ ಟ್ಯೂಷನ್‌ಗೆ ಹೋಗುವಾಗ ಡಬ್ಬಿಯಲ್ಲಿ ಹುರಿದ ಕಡ್ಲೆಕಾಯಿ ಇಲ್ಲವೇ ಹೆಸರುಕಾಳಿನ ಉಸ್ಲಿ. ಮುದ್ದೆ ತಿಂದರೆ ಸಣ್ಣಗಾಗುತ್ತಾರೆ ಅಂತ ಅತ್ತೆ ನಂಬಿದ್ದರು. ಎರಡು ಮುದ್ದೆ ನುಂಗಿ ಅದರ ಮೇಲೆ ಒಂದು ತಟ್ಟೆ ಅನ್ನ ಬಡಿಸಿಕೊಂಡರೆ ಎಲ್ಲಿಂದ ಸಣ್ಣಗಾಗೋದು? ಅವರೆಕಾಯಿ ಕಾಲದಲ್ಲಿ ಹಿತಕವರೆ ಸಾರು ಮಾಡಿದಾಗ ಯಾರೂ ಲೆಕ್ಕ ಇಡೋದಿಲ್ಲ. ಇಡಲೂಬಾರದು.

ಭಾನುವಾರ ಮೂರೂ ಜನ ಕ್ಯಾತ್ಸಂದ್ರಕ್ಕೆ ಹೋಗಿ ಸಿದ್ಧಗಂಗೆ ಬೆಟ್ಟ ಹತ್ತೋದು ಅಂತ ಮಾಡಿಕೊಂಡೆವು. ಮೇಲೆ ಸಿದ್ಧಲಿಂಗೇಶ್ವರನ ದೇವಸ್ಥಾನ. ಮೆಟ್ಟಿಲು ಎಷ್ಟು ಅಂತ ಕೇಳಬೇಡಿ, ನಾನು ಎಣಿಸಿದರೆ ಒಂದು, ಅವಳು ಎಣಿಸಿದರೆ ಇನ್ನೊಂದು. ಮಧ್ಯೆ ಕೋತಿ ಬಂದರೆ ಲೆಕ್ಕ ತಪ್ಪುತ್ತೆ. ಮೊದಲ ಸಲ ಅವಳು ಐದು ಕಡೆ ಕೂತಳು, ಅವರಪ್ಪ ಆರು ಕಡೆ. ಪೀಣ್ಯದಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡ್ತೀನಿ, ನನಗೇನು ಅಂದುಕೊಂಡಿದ್ದ ಮನುಷ್ಯ. ಬಂಡೆ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾ "ಲೇ, ನಿಮ್ಮಮ್ಮಂಗೆ ಹೇಳ್ಬೇಡ, ಎದೆ ಹೊಡ್ಕೊಳ್ತಿದೆ" ಅಂತ ಅವಳಿಗೆ ಹೇಳಿದ್ದು ನನಗೆ ಕೇಳಿಸಿತು. ಅಪ್ಪನಿಗೂ ಕಷ್ಟ ಆಗುತ್ತೆ ಅಂತ ಅವಳು ಕಣ್ಣಾರೆ ನೋಡಿದ್ದು ಅವತ್ತು. ಮುಂದಿನ ಭಾನುವಾರ ನಾನು ಎಬ್ಬಿಸೋದೇ ಬೇಕಾಗಲಿಲ್ಲ. ಅಪ್ಪನಿಗಿಂತ ಮುಂದೆ ಹೋಗಬೇಕಿತ್ತು.

ಇಳಿದ ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಮೊದಲೆರಡು ವಾರ ನಾನು ಬೇಡ ಅಂದೆ, ಹತ್ತಿದ್ದೆಲ್ಲ ದಂಡ ಅಂತ. ಮನೆಗೆ ಬಂದು ಎರಡು ಪಟ್ಟು ತಿಂದೆವು. ಮೂರನೇ ವಾರದಿಂದ ತಲಾ ಒಂದು, ಚಟ್ನಿ ಎಷ್ಟು ಬೇಕೋ ಅಷ್ಟು. ಬೆಟ್ಟಕ್ಕೆ ಹೋಗೋಣ ಅಂದಾಗ ಅತ್ತೆ ಕೂಡ ಕೆಳಗಿನವರೆಗೆ ಬರೋಕೆ ಶುರು ಮಾಡಿದ್ದು ಆ ಇಡ್ಲಿಗೇ ಅಂತ ನನ್ನ ಗುಮಾನಿ.

ಒಂಬತ್ತನೇ ಕ್ಲಾಸು ಶುರುವಾದ ಮೇಲೆ ಪಿ.ಟಿ. ಮೇಡಂ ಹತ್ತಿರ ನಾನೇ ಹೋಗಿ ಹಳೇ ಚೀಟಿಗಳ ವಿಷಯ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಆ ಪ್ಯಾಂಟ್ ಇನ್ನೂ ನಾಲ್ಕು ಜನಕ್ಕೆ ಹೊಲ್ಕೊಡ್ತೀರಾ?" ಹೊಲಿದುಕೊಟ್ಟೆ. ಕೂಲಿ ತಗೊಂಡೆ, ಸುಳ್ಳು ಯಾಕೆ ಹೇಳಲಿ, ಆದರೆ ಬಟ್ಟೆ ಖರ್ಚಿನ ಮೇಲೆ ಬರೀ 50 ರೂಪಾಯಿ.

ಶಾಲೆಯಲ್ಲಿ ಖೇಲೋ ಇಂಡಿಯಾ ಪರೀಕ್ಷೆ ಅಂತ ಮಾಡುತ್ತಾರೆ. 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದಕ್ಕೆ ಬಗ್ಗೋದು, ಮಲಗಿ ಅರ್ಧ ಏಳೋದು, ಪುಷ್ ಅಪ್. ಜೊತೆಗೆ ಎತ್ತರ, ತೂಕ. ಎಂಟನೇ ಕ್ಲಾಸಿನಲ್ಲಿ 600 ಮೀಟರ್ ದಿನ ಅವಳು ನನ್ನ ಚೀಟಿ ಹಿಡಿದು ಕಟ್ಟೆ ಮೇಲೆ ಕೂತಿದ್ದಳು. ಒಂಬತ್ತರಲ್ಲಿ ಜುಲೈ ತಿಂಗಳು ಮಳೆ ನಿಂತ ಮೇಲೆ ಓಡಿದಳು. 200 ಮೀಟರಿನ ಮೂರು ಸುತ್ತು. ಮಧ್ಯೆ ಎರಡು ಕಡೆ ನಡೆದಳು, ನಿಲ್ಲಲಿಲ್ಲ. 4 ನಿಮಿಷ 52 ಸೆಕೆಂಡ್. ಕ್ಲಾಸಿನಲ್ಲಿ ಕೊನೆಯಿಂದ ಎರಡನೆಯವಳು. ಮನೆಗೆ ಬಂದಾಗ ಮೊದಲನೇ ಬಹುಮಾನ ಬಂದವರ ಮುಖ ಅದು.

ಇನ್ನೊಂದು ವಿಷಯ ಮೇಡಂ ಕಂಡುಹಿಡಿದರು. ಗುಂಡು ಎಸೆಯೋಕೆ ಕೊಟ್ಟರೆ ಇವಳದ್ದು ಎಲ್ಲರಿಗಿಂತ ದೂರ ಹೋಗಿ ಬಿತ್ತು. ನನಗೇನೂ ಆಶ್ಚರ್ಯ ಆಗಲಿಲ್ಲ. ಅಂಗಡಿಗೆ ಬರೋ ಥಾನುಗಳನ್ನು ಆಟೋದಿಂದ ಇಳಿಸೋಳು ಅವಳೇ. ಆದರೆ ಅದೂ ಫಿಟ್‌ನೆಸ್ಸೇ ಅಂತ ನನಗೆ ಹೊಳೆದಿರಲಿಲ್ಲ. ಮೇಡಂ ಹೇಳಿದರು, ತೂಕ ಜಾಸ್ತಿ ಇರೋ ಮಕ್ಕಳಿಗೆ ತಮ್ಮ ಮೈಯನ್ನೇ ಹೊತ್ತು ಮಾಡೋ ಓಟ, ಜಿಗಿತ ಕಷ್ಟ. ಎಸೆಯೋದು, ಎಳೆಯೋದು, ಗಟ್ಟಿಯಾಗಿ ಹಿಡಿಯೋದರಲ್ಲಿ ಎಷ್ಟೋ ಸಲ ಅವರೇ ಮುಂದೆ. ನಾವು ಎಲ್ಲರನ್ನೂ ಮೊದಲು ಓಟಕ್ಕೇ ನಿಲ್ಲಿಸುತ್ತೇವೆ. ಅಲ್ಲಿ ಸೋತ ಮಗು ಮೈದಾನಕ್ಕೇ ಬರೋದು ಬಿಡುತ್ತೆ.

ತೂಕ? ಹೇಳೋಹಾಗಿಲ್ಲ ಅಂದೆನಲ್ಲ. ಡಾಕ್ಟ್ರು ಹೇಳಿದ ಹಾಗೆ ಎತ್ತರ ಎರಡು ಇಂಚಿಗೆ ಹತ್ತಿರ ಬಂದಿದೆ. ಕುತ್ತಿಗೆ ಕಪ್ಪು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಹೀರೆಕಾಯಿ ನಾರಿನಲ್ಲಿ ಈಗ ಪಾತ್ರೆ ತೊಳೆಯುತ್ತೇವೆ. ಸೈಡ್ ಹೊಲಿಗೆ ಬಿಚ್ಚೋದು ಹೋದ ವರ್ಷ ಒಂದೇ ಸಲ ಆಯಿತು, ಅದನ್ನು ಹಗಲು ಹೊತ್ತಲ್ಲೇ, ಅವಳ ಎದುರಿಗೇ ಬಿಚ್ಚಿದೆ. ಈ ವರ್ಷ ಟ್ಯೂಷನ್ ಎರಡು ಹೊತ್ತು, ಹಾಗಾಗಿ ಕೆರೆಗೆ ಹೋಗೋದು ವಾರಕ್ಕೆ ನಾಲ್ಕು ದಿನಕ್ಕೆ ಇಳಿದಿದೆ. ಹತ್ತನೇ ಕ್ಲಾಸಿನಲ್ಲಿ ಆಟ ಯಾಕೆ ಅಂತ ಟ್ಯೂಷನ್ನಿನವರು ಒಂದು ಸಲ ಕೇಳಿದರು. ನಾನು ಉತ್ತರ ಕೊಡೋದರೊಳಗೆ ಅವಳೇ "ಅಮ್ಮಂಗೆ ಡಾಕ್ಟ್ರು ಹೇಳಿದಾರೆ ಸರ್, ಜೊತೆಗೆ ಯಾರಾದ್ರೂ ಬೇಕು" ಅಂದುಬಿಟ್ಟಳು.

ನನ್ನ ಹತ್ತಿರ ಅಳತೆ ಪುಸ್ತಕ ಅಂತ ಇನ್ನೊಂದಿದೆ. ಒಬ್ಬೊಬ್ಬ ಗಿರಾಕಿಗೆ ಒಂದು ಪುಟ. ಉದ್ದ, ಎದೆ, ಸೊಂಟ, ತೋಳು. ಅವಳದ್ದೂ ಒಂದು ಪುಟ ಇದೆ. ಮೊನ್ನೆ ಹೊಸ ಯೂನಿಫಾರ್ಮಿಗೆ ಅಂತ ಆ ಪುಟ ತೆಗೆದರೆ ಸೊಂಟದ ಕೆಳಗೆ ಅವಳ ಕೈಬರಹದಲ್ಲಿ ಹೊಸ ಸಾಲುಗಳು. 600 ಮೀ: 4.52, 4.30, 4.05, 3.48. ಪುಟ ತಿರುವಿದರೆ ಮೇಲೆ ನನ್ನ ಹೆಸರು. 600 ಮೀ: 5.40.

ಇದು ತಪ್ಪು ಲೆಕ್ಕ ಅಂತ ಅವಳಿಗೆ ಹೇಳಿದ್ದೇನೆ. ಎರಡನೇ ಸುತ್ತಿನಲ್ಲಿ ಬ್ಲೌಸ್ ಕೊಟ್ಟಿದ್ದ ಗಿರಾಕಿಯೊಬ್ಬರು ಫೋನ್ ಮಾಡಿದ್ದರು, ಮಾತಾಡಿಕೊಂಡೇ ನಡೆದೆ. ಫೋನ್ ಎತ್ತಿದ್ದು ಯಾರು ಅಂತ ಕೇಳುತ್ತಾಳೆ. ಭಾನುವಾರ ಇನ್ನೊಂದು ಸಲ ಓಡಬೇಕಂತೆ, ಫೋನನ್ನು ಅವಳ ಜೇಬಿಗೆ ಕೊಟ್ಟು.